ಭರಣಿಯೊಳಗಿನ ಗೋಲಿ

ಸೋಡಾ ಕಾಕಾರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಕುಳಿ ಇತ್ತು, ಸರಿಯಾಗಿ ಒಂದು ಗೋಲಿ ಕೂರುವಷ್ಟು. ನಲವತ್ತು ವರ್ಷ ಬಾಟಲಿಯ ಬಾಯಿಗೆ ಆ ಬೆರಳಿಟ್ಟು ಗೋಲಿಯನ್ನು ಒಳಗೆ ದೂಡಿ ದೂಡಿ ಬಿದ್ದ ಕುಳಿ. ಗೋಲಿ ದೂಡಲಿಕ್ಕೆಂದೇ ಒಂದು ಮರದ ತುಂಡು ಅಂಗಡಿಯಲ್ಲಿ ದಾರಕ್ಕೆ ನೇತಾಡುತ್ತಿತ್ತು. ಅದು ಗಿರಾಕಿಗಳಿಗೆ. ಕಾಕಾ ಮಾತ್ರ ಬೆರಳನ್ನೇ ಇಟ್ಟು ಒತ್ತುವವರು. ಟಪ್ ಎಂದು ಗೋಲಿ ಇಳಿದು, ನೊರೆ ಎದ್ದು, ಬಾಟಲಿ ಎದುರಿನವರ ಕೈಗೆ ಹೋದ ಮೇಲೇ ಮುಖ ಎತ್ತಿ "ಏನ್ ಬಂದೀರಿ?" ಎಂದು ಕೇಳುತ್ತಿದ್ದರು. ಎಡಹುಬ್ಬು ನಡುವೆ ಎರಡು ತುಂಡಾಗಿತ್ತು. ಗ್ಯಾಸು ತುಂಬಿಸುವಾಗ ಬಾಟಲಿ ಸಿಡಿದದ್ದಂತೆ. ಆ ಸುದ್ದಿ ತೆಗೆದರೆ, "ಗಾಜಿನ ಕೂಡ ಸಂಸಾರಾ ಮಾಡಿದ್ರ ಒಂದೀಟು ಗೀರು ಬೀಳತಾವು" ಎಂದು ನಗುತ್ತಿದ್ದರು.

ಈಗಿನ ಮಕ್ಕಳಿಗೆ ಗೋಲಿಸೋಡಾ ಎಂದರೆ ಗೊತ್ತಿದೆಯೋ ಇಲ್ಲವೋ. ದಪ್ಪ ಹಸಿರು ಗಾಜಿನ ಬಾಟಲಿ. ಕುತ್ತಿಗೆಯಲ್ಲಿ ಒಂದು ಗೋಲಿ, ಅದು ಕೆಳಗೆ ಬೀಳದಂತೆ ಗಾಜನ್ನೇ ಒತ್ತಿ ಮಾಡಿದ ಸೊಂಟ, ಮೇಲೆ ಬಾಯಿಯ ಒಳಗೆ ಒಂದು ರಬ್ಬರಿನ ಉಂಗುರ. ಗ್ಯಾಸು ತುಂಬಿದೊಡನೆ ಗೋಲಿ ಮೇಲೇರಿ ಉಂಗುರಕ್ಕೆ ಕಚ್ಚಿ ಕೂರುತ್ತದೆ. ಬೇರೆ ಮುಚ್ಚಳ ಬೇಡ. ಮನುಷ್ಯ ಮಾಡಿದ ವಸ್ತುಗಳಲ್ಲಿ ಇದರಷ್ಟು ಜಾಣತನದ್ದು ಇನ್ನೊಂದಿಲ್ಲ ಎಂಬುದು ಕಾಕಾರ ನಂಬಿಕೆ. ಅವರೆದುರು ಅಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಗಡಿ ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಗೂಡಿನಂಥದ್ದು. ಕಾಕಾ ಹಾನಗಲ್ ಕಡೆಯಿಂದ ಹರೆಯದಲ್ಲೇ ಬಂದು ನೆಲೆಯಾದವರು. ಭಾಷೆ ಮಾತ್ರ ಕಡೆಯವರೆಗೂ ಆ ಕಡೆಯದ್ದೇ. ಒಂದು ಕಾಲದಲ್ಲಿ ಮದುವೆ, ಬಯಲಾಟ ಎಲ್ಲದಕ್ಕೂ ಇವರ ಪೆಟ್ಟಿಗೆಗಳೇ ಹೋಗುತ್ತಿದ್ದವಂತೆ. ನಾನು ಕಂಡದ್ದು ಇಳಿಗಾಲ. ತೊಂಬತ್ತರ ದಶಕದ ಕೊನೆಯಲ್ಲಿ ಆಚೀಚೆಯ ಅಂಗಡಿಗಳಿಗೆಲ್ಲ ಫ್ರಿಜ್ಜು ಬಂದು, ಬಣ್ಣದ ನೀರು ಬಂದು, ಗೋಲಿಸೋಡಾ ಹಳೇ ಮುದುಕರ ಹೊಟ್ಟೆಯುಬ್ಬರದ ಔಷಧಿ ಮಾತ್ರ ಆಗಿತ್ತು. ಬಾಟಲಿ ಮಾಡಿ ಕೊಡುತ್ತಿದ್ದವರೂ ನಿಲ್ಲಿಸಿದ್ದರು. ಕಾಕಾರ ಹತ್ತಿರ ಉಳಿದದ್ದು ಒಂದೇ ಪೆಟ್ಟಿಗೆ, ಇಪ್ಪತ್ನಾಲ್ಕು ಬಾಟಲಿ. ದಿನಕ್ಕೆ ನಾಲ್ಕೋ ಐದೋ ತುಂಬಿಸುತ್ತಿದ್ದರು. ಉಳಿದದ್ದನ್ನು ಒರೆಸಿ ಒರೆಸಿ ಇಡುತ್ತಿದ್ದರು.

"ಇವನ್ನ ಯಾರಿಗೂ ಕೊಡಂಗಿಲ್ಲ," ಎಂದಿದ್ದರು ಒಮ್ಮೆ. "ಅಂಗಡಿ ಬಾಗಲಾ ಹಾಕೂ ದಿವಸ ಇಪ್ಪತ್ನಾಕೂ ತುಂಬಸ್ತೀನಿ. ರಸ್ತೆದಾಗ ಕುರ್ಚಿ ಹಾಕ್ಕೊಂಡು ಕುಂಡ್ರತೀನಿ. ಹಳೇ ಮಂದಿ ಯಾರ ಬರತಾರೋ ಕುಡದು ಹೋಗಲಿ. ಆಮ್ಯಾಲೆ ಕೀಲಿ."

ಬಾಟಲಿ ಒಡೆಯುವುದೆಂದರೆ ಅವರಿಗೆ ಜೀವ ಹೋದಂತೆ. ಗೋಲಿಯ ಆಸೆಗೆ ಮಕ್ಕಳು ಖಾಲಿ ಬಾಟಲಿ ಕದ್ದು ಕಲ್ಲಿಗೆ ಅಪ್ಪಳಿಸುತ್ತಿದ್ದವು. ಕಾಕಾ ಬೈದು, ಅಟ್ಟಿಸಿಕೊಂಡು ಹೋಗಿ, ಕಡೆಗೆ ಸೋತು, ಪೇಟೆಯಿಂದ ಗೋಲಿಗಳನ್ನೇ ಕೊಂಡುತಂದು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಬಾಟಲಿಯ ಮೇಲೆ ಕಣ್ಣು ಹಾಕಿದ ಮಗುವನ್ನು ಕಂಡರೆ ಕರೆದು ಎರಡು ಗೋಲಿ ಕೊಡುವುದು. "ಬಾಟ್ಲಿ ಒಡದ್ರ ಗೋಲಿ ಸಿಗತೈತಿ, ಸೋಡಾ ಸಿಗಂಗಿಲ್ಲ. ತಿಳೀತೇನ?" ಎಂದು ಬುದ್ಧಿ ಹೇಳುವುದು. ಮಕ್ಕಳು ಗೋಲಿ ತೆಗೆದುಕೊಂಡು ಬುದ್ಧಿಯನ್ನು ಅಲ್ಲೇ ಬಿಟ್ಟು ಓಡುತ್ತಿದ್ದವು.

ನನಗೆ ಅವರ ಪರಿಚಯವಾದದ್ದು ನನ್ನದೇ ಹೆಬ್ಬೆರಳಿನಿಂದ.

ನಮ್ಮ ಮನೆ ಇಡಗುಂದಿ ಹತ್ತಿರ, ರಸ್ತೆಯಂಚಿಗೆ. ನಮ್ಮನೆಯವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರು. ನನಗೆ ದನದ ಹುಚ್ಚು. ತವರಿನಿಂದ ಒಂದು ಕರು ತಂದು, ಅದರ ಸಂತಾನ ಬೆಳೆಸಿ, ಆರು ಹಾಲು ಕರೆಯುವ ದನಗಳ ಕೊಟ್ಟಿಗೆ ಮಾಡಿದ್ದೆ. ಆ ಕೊಟ್ಟಿಗೆ ನನ್ನದು. ಮನೆಯಲ್ಲಿ ಮಿಕ್ಕಿದ್ದೆಲ್ಲ ಮಾವನದ್ದೋ ನಮ್ಮನೆಯವರದ್ದೋ ಆಗಿತ್ತು. ಇದೊಂದು ಮಾತ್ರ ಯಾರೂ ಕೊಟ್ಟದ್ದಲ್ಲ, ನಾನು ಮಾಡಿದ್ದು. ಒಂದು ದಿನ ಕಾಳಿ ಎಂಬ ಹೆಸರಿನ, ಹೆಸರಿಗೆ ತಕ್ಕ ಗುಣದ ಆಕಳು ಹೆದರಿ ಹಗ್ಗ ಜಗ್ಗಿತು. ಹಗ್ಗಕ್ಕೂ ಕಂಬಕ್ಕೂ ನಡುವೆ ನನ್ನ ಬಲಗೈ ಹೆಬ್ಬೆರಳು ಸಿಕ್ಕಿತು. ಬೆರಳು ಉಳಿಯಿತು, ಹಿಡಿತ ಉಳಿಯಲಿಲ್ಲ. ಹೆಬ್ಬೆರಳಿಲ್ಲದೆ ಹಾಲು ಕರೆಯುವುದೆಂದರೆ ಕಾಲಿಲ್ಲದೆ ಓಡಿದ ಹಾಗೆ.

ಆಗ ಹುಬ್ಬಳ್ಳಿ ಕಡೆ ಮುಚ್ಚಿಹೋದ ಒಂದು ಡೈರಿಯಿಂದ ಹಾಲು ಕರೆಯುವ ಹಳೆಯ ಮಷಿನ್ ತಂದೆವು. ಒಂದು ಪಂಪು ಗಾಳಿಯನ್ನು ಎಳೆಯುತ್ತದೆ; ಕೆಚ್ಚಲಿಗೆ ಹಾಕಿದ ನಾಲ್ಕು ಬಟ್ಟಲು ಆ ಎಳೆತಕ್ಕೆ ಹಾಲು ಹೀರಿ ಕ್ಯಾನಿಗೆ ಬಿಡುತ್ತವೆ. ಹೇಳಲಿಕ್ಕೆ ಇಷ್ಟೇ. ಆದರೆ ನಮ್ಮ ಹವೆಗೆ ಆ ಗಾಳಿಯ ಜೊತೆ ಹಬೆ, ನೀರು, ಹಾಲಿನ ಹನಿ ಎಲ್ಲ ಪಂಪಿನ ಹೊಟ್ಟೆ ಸೇರುತ್ತಿತ್ತು. ಪಂಪಿನ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತಿತ್ತು. ಒಂದು ಬೆಳಿಗ್ಗೆ ಗರ್ರ್ ಎಂದು ಹಿಡಿದು ನಿಂತರೆ ಮುಗಿಯಿತು, ಗೋಣಿಚೀಲದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗಬೇಕು. ಮೂರು ಸಲ ಹೋದೆ. ಅಲ್ಲಿಯ ರಿಪೇರಿಯವನು ಪ್ರತಿ ಸಲವೂ ಹೇಗೋ ತಿರುಗುವಂತೆ ಮಾಡಿ ಕೊಟ್ಟು, "ನಡುವ ನೀರು ತಡಿಯೂ ಡಬ್ಬಿ ಬೇಕ್ರೀ. ನಮ್ಮಲ್ಲಿಲ್ಲ, ಯಾವಾಗ ಬರತೈತಿ ಹೇಳಾಕಾಗಂಗಿಲ್ಲ" ಎಂದು ಕೈ ತೊಳೆದುಕೊಂಡ.

ಮೂರನೇ ಸಲ ವಾಪಸು ಬರುವಾಗ ಯಲ್ಲಾಪುರದಲ್ಲಿ ಇಡಗುಂದಿ ಬಸ್ಸು ತಪ್ಪಿತು. ಚೀಲ ಇಳಿಸಿ ಸೋಡಾ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಮುಖದಲ್ಲಿ ಸಿಟ್ಟಿತ್ತೆಂದು ಕಾಣುತ್ತದೆ. ಕಾಕಾ ಏನೂ ಕೇಳದೆ ಒಂದು ಸೋಡಾ ಒಡೆದು ಕೊಟ್ಟರು. ನಮ್ಮ ಸೀಮೆಯಲ್ಲಿ ಬಂದವರಿಗೆ ಮೊದಲು "ಆಸರಿಗೆ ಎಂತ ಬೇಕು?" ಎಂದು ಕೇಳಿ ಕುಡಿಯಲು ಕೊಟ್ಟೇ ಮಾತು. ಇವರದ್ದೂ ಅದೇ ಪದ್ಧತಿ, ಕೇಳುವುದೊಂದು ಇಲ್ಲ.

"ಚೀಲದಾಗ ಏನೈತ್ರಿ ಅಕ್ಕಾರ?"

ಹೇಳಿದೆ. ಚೀಲ ಬಿಚ್ಚಿಸಿ, ಪಂಪಿನ ಬಾಯಿಗೆ ಬೆರಳು ಹಾಕಿ, ಹುಳಿವಾಸನೆ ಮೂಸಿದರು.

"ನೀರು ಕುಡದೈತಿ. ಹಾಲೂ ಕುಡದೈತಿ. ನಿಮ್ಮ ಆಕಳ ಹಾಲು ಕುಡದು ನಿಮಗ ಒದೀಲಿಕ್ಕತ್ತೈತಿ," ಎಂದರು. ಆಮೇಲೆ ನನ್ನ ಕೈ ನೋಡಿದರು. ಬಾಟಲಿ ಹಿಡಿದ ರೀತಿಯಲ್ಲೇ ಗೊತ್ತಾಗಿತ್ತು ಅವರಿಗೆ. "ಹೆಬ್ಬಟ್ಟು ಹೋಯ್ತಾ? ಹೆಬ್ಬಟ್ಟಿಲ್ಲಂದ್ರ ನಾನೂ ಇಲ್ಲ, ನೀನೂ ಇಲ್ಲವಾ ತಂಗಿ." ಅಲ್ಲಿಂದ ಮುಂದೆ ನಾನು ಅಕ್ಕಾರ ಅಲ್ಲ, ತಂಗಿ.

ಮರುವಾರ ಭಾನುವಾರ ಬೆಳಿಗ್ಗೆ ಬಸ್ಸಿಳಿದು ನಮ್ಮ ಕೊಟ್ಟಿಗೆಗೆ ಬಂದೇಬಿಟ್ಟರು, ಕರೆಯದೆ. ಮಷಿನ್ ಹಾಕಿಸಿ, ಕಣ್ಣು ಮುಚ್ಚಿ ಸದ್ದು ಕೇಳಿದರು. "ಗಾಳಿ ಹೋಗೂ ದಾರ್ಯಾಗ ಒಂದು ಕಟ್ಟಿ ಕಟ್ಟೂಣು," ಎಂದರು. "ಗಾಳಿ ಒಂದೀಟು ಕುಂತು ಎದ್ದು ಹೋಗತೈತಿ. ನೀರು ಸೋಮಾರಿ, ಕುಂತಲ್ಲೇ ಕುಂಡ್ರತೈತಿ."

ಮೊದಲು ಎಣ್ಣೆಯ ಪ್ಲಾಸ್ಟಿಕ್ ಕ್ಯಾನಿಗೆ ಎರಡು ನಳಿಗೆ ಸಿಕ್ಕಿಸಿ ನಡುವೆ ಇಟ್ಟರು. ಪಂಪು ಶುರುವಾದದ್ದೇ ತಡ, ಕ್ಯಾನು ಡಬ್ ಎಂದು ಒಳಗೆ ಎಳೆದುಕೊಂಡು ಒಣಗಿದ ಹಾಗಲಕಾಯಿಯಂತಾಯಿತು. ಕಾಳಿ ಹೆದರಿ ಬಟ್ಟಲುಗಳನ್ನು ಒದ್ದು ಬೀಳಿಸಿತು. ಕಾಕಾ ನೆಲಕ್ಕೆ ಕುಳಿತು ನಕ್ಕರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. "ನಲವತ್ತ ವರ್ಷ ಗ್ಯಾಸು ಒಳಗ ತುರುಕೀನಿ, ಹೊರಗ ಸಿಡಿಯೂದು ಗೊತ್ತು. ಇದು ಒಳಗ ಸಿಡಿತೈತಲ್ಲ! ಉಲ್ಟಾ ವಿದ್ಯಾ ಇದು."

ಹೊರಗಿನ ಗಾಳಿಯ ಒತ್ತಿಗೆ ಬಗ್ಗದ್ದು ಏನಿದೆ ಎಂದು ಮನೆಯೆಲ್ಲ ಹುಡುಕಿದರು. ಅಡುಗೆಮನೆಯ ಅಟ್ಟದ ಮೇಲೆ ನನ್ನ ತವರಿನ ದೊಡ್ಡ ಭರಣಿ ಇತ್ತು, ಅಪ್ಪೆಮಿಡಿ ಹಾಕುವಂಥದ್ದು, ಬೆರಳುದಪ್ಪದ ಪಿಂಗಾಣಿ. "ಇದು ಸಿಕ್ತಂದ್ರ ಕೆಲಸ ಆತು" ಎಂದರು. ಉಪ್ಪಿನಕಾಯಿಯನ್ನು ಸಣ್ಣ ಜಾಡಿಗಳಿಗೆ ವರ್ಗ ಮಾಡಿದೆ. ಸಾಗವಾನಿಯ ಹಲಗೆ ತುಂಡನ್ನು ದುಂಡಗೆ ಕೊರೆಸಿ, ಜೇನುಮೇಣ ಕುಡಿಸಿ, ಕೆಳಗೆ ಸೈಕಲ್ ಟ್ಯೂಬಿನ ಬಳೆ ಕೂರಿಸಿ ಮುಚ್ಚಳ ಮಾಡಿದರು. ಕೀಲಿ ಇಲ್ಲ, ಬೋಲ್ಟ್ ಇಲ್ಲ. ಪಂಪು ಎಳೆಯತೊಡಗಿದರೆ ಹೊರಗಿನ ಗಾಳಿಯೇ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಇಬ್ಬರು ಗಂಡಸರು ಜಗ್ಗಿದರೂ ಬರುವುದಿಲ್ಲ. ಪಂಪು ನಿಂತರೆ ಮಗುವೂ ಎತ್ತಬಹುದು. ಅವತ್ತು ಸಂಜೆ ಹಾಲು ಕರೆದಾದ ಮೇಲೆ ಮುಚ್ಚಳ ಎತ್ತಿ ನೋಡಿದರೆ ತಳದಲ್ಲಿ ಒಂದು ಲೋಟ ಮಂಜುಮಂಜಾದ ನೀರು. ಅಷ್ಟು ನೀರು ದಿನಾ ನನ್ನ ಪಂಪು ಕುಡಿಯುತ್ತಿತ್ತು!

ಹದಿನೈದು ದಿನ ಸುಖ. ಒಂದೇ ನಿಯಮ, ದಿನಾ ಭರಣಿ ಚೆಲ್ಲಬೇಕು. ಹದಿನಾರನೇ ದಿನವೋ ಏನೋ ನನ್ನ ತಂಗಿಯ ಮದುವೆಯ ಮಾತುಕತೆಗೆಂದು ನಾನು ಶಿರಸಿಗೆ ಹೋದೆ, ಮೂರು ದಿನ ನಮ್ಮನೆಯವರೇ ಮಷಿನ್ ಹಾಕಿ ಹಾಲು ಕರೆದರು. ಭರಣಿ ಚೆಲ್ಲಲು ಹೇಳಿಹೋಗಿದ್ದೆನೇ? ಹೇಳಿದ್ದೆನೆಂದು ನಾನು, ಇಲ್ಲವೆಂದು ಅವರು. ಈಗಲೂ ಆ ವ್ಯಾಜ್ಯ ಬಗೆಹರಿದಿಲ್ಲ. ಹಾಲಿನ ಕ್ಯಾನೂ ಒಂದು ದಿನ ಉಕ್ಕಿ ಅದರ ಹಾಲೂ ಸೇರಿ ಭರಣಿ ತುಂಬಿತು, ಪಂಪು ಕುಡಿಯಿತು, ನಿಂತಿತು.

"ಇನ್ನು ಯನ್ನ ಹತ್ರ ಆಗ್ತಿಲ್ಲೆ," ಎಂದರು ನಮ್ಮನೆಯವರು. ಸಿಟ್ಟಿನಿಂದಲ್ಲ, ಸುಸ್ತಾಗಿ. ಮಷಿನ್ ನಿಂತಾಗೆಲ್ಲ ಶಾಲೆಗೆ ಮೊದಲು, ಶಾಲೆಯ ನಂತರ ಆರು ದನ ಕರೆಯುವವರು ಅವರೇ. ಸೊಂಟ ಹಿಡಿದುಕೊಂಡು ಏಳುತ್ತಿದ್ದರು. "ನಿಂಗೆ ಕೈ ಇಲ್ಲೆ, ಮಷಿನ್ನಿಗೆ ಜೀವ ಇಲ್ಲೆ. ದೊಡ್ಡಬ್ಬದ ಪೂಜೆ ಮುಗಿಸಿ ದನ ಕೊಟ್ಬಿಡನ."

"ಆನು ಕೊಡ್ತ್ನಿಲ್ಲೆ," ಎಂದೆ.

"ಹಂಗಾರೆ ಕರೆಯವ್ವು ಯಾರು? ಹೇಳು."

ದೀಪಾವಳಿಗೆ ನಾವು ದೊಡ್ಡಬ್ಬ ಎನ್ನುತ್ತೇವೆ. ಆ ಹಬ್ಬದ ಗೋಪೂಜೆಗೆ ಮೊದಲು ದನ ಮಾರಿದರೆ ಲಕ್ಷ್ಮಿಯನ್ನು ಹೊರಗೆ ಕಳಿಸಿದಂತೆ. ಆದ್ದರಿಂದ ವ್ಯಾಪಾರಿ ಹಬ್ಬದ ಮರುದಿನ ಬರುವುದೆಂದು ಮಾತಾಯಿತು. ನಡುವೆ ಇದ್ದದ್ದು ಒಂದು ತಿಂಗಳು.

ಕಾಕಾರಿಗೆ ಸುದ್ದಿ ಮುಟ್ಟಿಸಿದೆ. ಬಂದರು. ನನ್ನನ್ನೂ ಬೈಯಲಿಲ್ಲ, ಮಾಸ್ತರರನ್ನೂ ಬೈಯಲಿಲ್ಲ. "ಮನಿಷಾ ಅಂದ್ಮ್ಯಾಲೆ ಮರೀತಾನ. ತಪ್ಪು ನಂದು. ಮರೀದಂಥಾದ್ದು ಒಂದು ಇಡಬೇಕಿತ್ತು," ಎನ್ನುತ್ತ ಚೀಲದಿಂದ ಒಂದು ಖಾಲಿ ಸೋಡಾ ಬಾಟಲಿ ತೆಗೆದರು. "ಈ ಕುತಗೀನ ಮುಚ್ಚಳದ ಕೆಳಗ ಕೂರಿಸಿದ್ರ? ಗಾಳಿ ಇದರಾಗ ಹಾದು ಪಂಪಿಗೆ ಹೋಗಲಿ. ಭರಣಿ ತುಂಬಿ ನೀರು ಮ್ಯಾಲ ಬಂತು ಅನ್ನು, ಗೋಲಿ ತೇಲಿ ಹೋಗಿ ಉಂಗುರಕ್ಕ ಕುಂಡ್ರತೈತಿ. ಬಾಗಲಾ ಬಂದ್! ಪಂಪಿಗೆ ಒಂದು ಹನಿ ಹೋಗಂಗಿಲ್ಲ."

ನಮ್ಮನೆಯವರು ಕಂಬಕ್ಕೊರಗಿ ಎಲೆಅಡಿಕೆಯ ಕವಳ ಹಾಕುತ್ತಿದ್ದವರು ಮೆಲ್ಲಗೆ, "ಕಾಕಾ, ಗೋಲಿ ತೇಲೂದಿಲ್ಲ," ಎಂದರು.

"ಹೆಂಗ ತೇಲಂಗಿಲ್ಲ? ಜೀವಮಾನೆಲ್ಲಾ ಮ್ಯಾಲ ಬರೂದನ್ನ ನೋಡೀನಿ ಮಾಸ್ತರ."

ಕಿಸೆಯಲ್ಲಿದ್ದ, ಮಕ್ಕಳಿಗೆ ಕೊಡುವ ಗೋಲಿಯೊಂದನ್ನು ತೆಗೆದು ನೀರಿನ ಬಕೆಟ್ಟಿಗೆ ಹಾಕಿದರು. ಅದು ಸೀದಾ ತಳ ಸೇರಿತು. ಕಾಕಾ ಬಕೆಟ್ಟಿನೊಳಗೆ ಬಗ್ಗಿ ನೋಡುತ್ತ ಕುಳಿತರು. ಎಷ್ಟು ಹೊತ್ತೆಂದರೆ ನನಗೇ ಪಾಪ ಅನಿಸಿತು. ಗ್ಯಾಸಿನ ಒತ್ತಡಕ್ಕೆ ಏರುವ ಗೋಲಿಯನ್ನು ಇಡೀ ಆಯುಷ್ಯ ನೋಡಿ ನೋಡಿ, ಅದು ಗಾಜು ಎಂಬುದನ್ನೇ ಮರೆತಿದ್ದರು. "ಅಲ್ಲಾ, ಅದು ಗ್ಯಾಸಿನ ತಾಕತ್ತು. ಇದರದಲ್ಲ," ಎಂದರು ಕಡೆಗೆ, ಯಾರೋ ಹತ್ತಿರದವರ ಬಗ್ಗೆ ಕೇಳಬಾರದ್ದು ಕೇಳಿದವರ ಹಾಗೆ.

ನಾನು ಒಳಗೆ ಹೋದೆ. ದೇವರ ಕೋಣೆಯ ಗೋಡೆಗೆ ನಮ್ಮ ಮದುವೆಯ ಬಾಸಿಂಗ ತೂಗಿತ್ತು. ಸಿದ್ದಾಪುರದ ಗುಡಿಗಾರರು ಮಾಡಿದ್ದು, ಬೆಂಡಿನದ್ದು. ಹೂವಿಗಿಂತ ಹಗುರ, ನೀರಿನಲ್ಲಿ ಎಷ್ಟು ಒತ್ತಿದರೂ ಮುಳುಗದ ವಸ್ತು. ಅದರ ಹಿಂಬದಿಯ ದಪ್ಪ ತುಂಡೊಂದನ್ನು ಕಿತ್ತು ತಂದು ಕಾಕಾರ ಕೈಗಿಟ್ಟೆ.

"ಬಾಸಿಂಗ ಕಿತ್ಯನೇ?" ನಮ್ಮನೆಯವರು ಕವಳ ಉಗುಳುವುದನ್ನೂ ಮರೆತರು.

"ಮದ್ವೆ ಆಗಿ ಹೋತಲ, ಇನ್ನೆಂತಕ್ಕೆ ಅದು? ದನನಾದ್ರೂ ಉಳೀಲಿ."

ಕಾಕಾ ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡರು. ಗೋಲಿಯಷ್ಟು ದುಂಡಗೆ ಕೆತ್ತಿ ಮೇಣ ಸವರಿದರೆ ಆಯಿತು, ಇನ್ನು ಬಾಟಲಿಯ ಕುತ್ತಿಗೆಯೊಂದು ಬೇಕು ಎಂದರು. "ಅಯ್ಯೋ, ನಿಮ್ಮ ಬಾಟಲಿ ಒಡೀಬೇಕಾ?" ಎಂದೆ. "ಏ, ಒಂದು ಒಡಕು ಬಾಟ್ಲಿ ಐತಿ ಬಿಡು, ಹಿಂದ ಬಿದ್ದೈತಿ," ಎಂದು ಬಸ್ಸು ಹತ್ತಿದರು.

ಒಂದು ವಾರವಾಯಿತು, ಎರಡಾಯಿತು. ಕಾಕಾ ಇಲ್ಲ. ಮೂರನೇ ವಾರ ಹಬ್ಬದ ಸಾಮಾನಿಗೆ ಪೇಟೆಗೆ ಹೋದವಳು ನೇರ ಅಂಗಡಿಗೆ ಹೋದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಅವತ್ತು ಹೆದರಿಕೆಯೂ ಸೇರಿ ಇನ್ನೂ ಕೆಟ್ಟದಾಗಿತ್ತು. ಬಾಗಿಲು ಅರ್ಧ ಎಳೆದಿತ್ತು. ಒಳಗೆ ಸೀಮೆಎಣ್ಣೆಯ ವಾಸನೆ. ಕಾಕಾರ ಎಡಗೈ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಬಾಟಲಿ ಪೆಟ್ಟಿಗೆಯ ಮೇಲೆ ಗೋಣಿತಾಟು ಹೊದಿಸಿತ್ತು. ನನ್ನನ್ನು ನೋಡಿ ಗಡಿಬಿಡಿಯಲ್ಲಿ ಎದ್ದರು. ಸೋಡಾ ಒಡೆಯಲಿಲ್ಲ. ಕೊಡದಿಂದ ಒಂದು ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ ನನ್ನ ಮುಂದಿಟ್ಟರು.

ಅದೇ ನನ್ನನ್ನು ಕೆರಳಿಸಿತೋ ಏನೋ. ಇಷ್ಟು ದಿನ ಬಂದವಳಿಗೆ ಒಂದು ಸೋಡಾ ಕೊಡುತ್ತಿದ್ದವರು ಇವತ್ತು ನೀರು ತೋರಿಸಿ ಸಾಗಹಾಕುತ್ತಿದ್ದಾರೆ ಎಂದುಕೊಂಡೆ.

"ಆಗೂದಿಲ್ಲ ಅಂದ್ರೆ ಆಗೂದಿಲ್ಲ ಅನ್ನಿ ಕಾಕಾ. ನಾನೇನು ಹೊಳೆ ಹಾರೂದಿಲ್ಲ. ಹಬ್ಬ ಬಂತು. ಹೋಗೂದು ನನ್ನ ದನ. ನಿಮಗೆಂತ, ಗೋಲಿ ಆಟ."

ಕಾಕಾರ ಮುಖ ಸಣ್ಣದಾಯಿತು. "ಗಾಜು ಮಾತು ಕೇಳವಲ್ದು ತಂಗಿ. ಕೇಳತೈತಿ. ಹಬ್ಬದೊಳಗ ಬರತೀನಿ, ಖರೇನ," ಎಂದರು. "ನೀರು ಕುಡಿ."

ನಾನು ಕುಡಿಯಲಿಲ್ಲ. ಚೀಲ ಎತ್ತಿಕೊಂಡು ಹೊರಟೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಂದರು. ಟವೆಲಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಹಸುಗೂಸಿನಂತೆ ಎದೆಗೆ ಆನಿಸಿಕೊಂಡು ಬಸ್ಸಿಳಿದರು. ಸೀಮೆಎಣ್ಣೆಯಲ್ಲಿ ಅದ್ದಿದ ದಾರ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಲ್ಲಿ ಮುಳುಗಿಸಿ ಕತ್ತರಿಸಿದ ಬಾಟಲಿಯ ಕುತ್ತಿಗೆ. ಕತ್ತರಿಸಿದ ಅಂಚು ಕಲ್ಲಿಗೆ ತಿಕ್ಕಿ ತಿಕ್ಕಿ ನಯವಾಗಿತ್ತು. ಸೊಂಟದ ಕೆಳಗೇ ಕತ್ತರಿಸಬೇಕು, ಇಲ್ಲದಿದ್ದರೆ ಗೋಲಿ ನಿಲ್ಲುವುದಿಲ್ಲ. ಅಲ್ಲಿಯೇ ಗಾಜು ಹೆಚ್ಚು ದಪ್ಪ, ಹೆಚ್ಚು ಹಟಮಾರಿ. ಒಳಗೆ ನಮ್ಮ ಬಾಸಿಂಗದ ಬೆಂಡಿನ ಗೋಲಿ.

"ಬರೀ ಬೆಂಡು ಹಾಕಿದ್ರ ಗಾಳಿ ಎಳತಕ್ಕಽ ಏರಿ ಕುಂತಬಿಡತೈತಿ," ಎಂದು ವಿವರಿಸಿದರು. "ಅದಕ್ಕ ಹೊಟ್ಯಾಗ ಒಂದು ಸೀಸದ ಚೂರು ಹಾಕೀನಿ. ಗಾಳಿಗೆ ಏಳಬಾರದು, ನೀರಿಗೆ ಏಳಬೇಕು. ಆ ಹದ ಸಿಗಾಕಽ ನಾಕ ದಿವಸ ಹೋದ್ವು."

ಕೂರಿಸಿ, ಹುಬ್ಬಳ್ಳಿಯಿಂದ ಮತ್ತೆ ರಿಪೇರಿಯಾಗಿ ಬಂದಿದ್ದ ಪಂಪು ಹಾಕಿ, ಬಟ್ಟಲುಗಳನ್ನು ಬಕೆಟ್ಟಿನ ನೀರಿಗೆ ಅದ್ದಿ, ಬೇಕೆಂದೇ ಭರಣಿಗೆ ನೀರು ಎಳೆಸಿದರು. ಭರಣಿಯೊಳಗೆ ನೀರು ಏರುವ ಗುಳುಗುಳು. ಆಮೇಲೆ ಒಂದು ಸಣ್ಣ ಸದ್ದು, ಟಪ್. ಪಂಪಿನ ದನಿ ಬದಲಾಯಿತು, ಬಟ್ಟಲುಗಳು ಹಿಡಿತ ಬಿಟ್ಟು ಬಕೆಟ್ಟಿನ ತಳಕ್ಕೆ ಇಳಿದವು. ಪಂಪಿನ ಕಡೆಯ ನಳಿಗೆ ಬಿಚ್ಚಿ ನೋಡಿದರೆ ಒಣಗಿದ ನಾಲಿಗೆಯಷ್ಟು ಒಣ.

"ಕೇಳಿದೇನ?" ಕಾಕಾ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. "ನಮ್ಮ ಅಂಗಡಿ ಸಪ್ಪಳ ಅದು. ನಾ ಹೋದ ಮ್ಯಾಲೂ ನಿಮ್ಮ ಕೊಟಗ್ಯಾಗ ಇರತೈತಿ."

ಮರುದಿನ ಗೋಪೂಜೆಯಲ್ಲಿ ದನಗಳಿಗೆ ಹಣ್ಣಡಿಕೆ, ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದ ನಮ್ಮನೆಯವರು ಒಂದು ಮಾಲೆಯನ್ನು ಭರಣಿಯ ಕುತ್ತಿಗೆಗೂ ಹಾಕಿದರು. ಅದರ ಮರುದಿನ ಬಂದ ವ್ಯಾಪಾರಿಗೆ ಹೋಳಿಗೆ ಊಟ ಹಾಕಿ, "ಕೊಡೂದು ಇಲ್ಲ ಅಂತಾಯ್ತು" ಎಂದು ಬಸ್ಸು ಹತ್ತಿಸಿ ಬಂದರು. ನಾನು ಕೊಟ್ಟಿಗೆಗೆ ಹೋಗಿ ಕಾಳಿಯ ಕುತ್ತಿಗೆ ಹಿಡಿದು ಅತ್ತೆ. ಕಾಳಿ ನನ್ನ ಸೆರಗು ತಿಂದಿತು.

ಆಮೇಲೆ ಪೇಟೆಗೆ ಹೋದಾಗಲೆಲ್ಲ ಕಾಕಾರ ಅಂಗಡಿಗೆ ಹೋಗುತ್ತಿದ್ದೆ. ಹಬ್ಬದ ಮೊದಲಿನ ಆ ಮಾತಿಗೆ ಕ್ಷಮೆ ಕೇಳಿದರೆ "ಯಾವಾಗ ಅಂದಿದ್ದಿ? ನೆನಪಽ ಇಲ್ಲ" ಎಂದರು. ಆದರೆ ಸೋಡಾ ಮಾತ್ರ ಮತ್ತೆ ಸಿಗಲಿಲ್ಲ. ಬೆಲ್ಲದ ಪಾನಕ ಕೊಡುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು. ಅಂಗಡಿಯಲ್ಲಿ ಬಾಳೆಹಣ್ಣು, ಬಿಸ್ಕಿಟ್ಟು ಬಂದವು. ಪೆಟ್ಟಿಗೆಯ ಮೇಲಿನ ಗೋಣಿತಾಟು ಹಾಗೆಯೇ ಇತ್ತು.

"ಸೋಡಾ ಎಲ್ಲಿ ಕಾಕಾ?"

"ಮಷಿನ್ನಿನ ವಾಸರ್ ಹೋಗೇತಿ ತಂಗಿ. ಹಾಕಸಬೇಕು."

"ನನ್ನ ಮಷಿನ್ ರಿಪೇರಿ ಮಾಡಿದವರಿಗೆ ಒಂದು ವಾಸರ್ ಹಾಕಲಿಕ್ಕೆ ಆಗೂದಿಲ್ಲೆಂತ?" ಎಂದು ಛೇಡಿಸುತ್ತಿದ್ದೆ. ಅವರೂ ನಗುತ್ತಿದ್ದರು. ಏಳೆಂಟು ವರ್ಷ ಹೀಗೇ ಹೋಯಿತು. ಅಷ್ಟೂ ವರ್ಷ ಆ ವಾಸರ್ ಮಾತನ್ನು ನಂಬಿದ ನನ್ನ ದಡ್ಡತನಕ್ಕೆ ಏನು ಹೇಳುವುದು?

ಎರಡು ಸಾವಿರದ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಕಾಕಾ ಹೋದರು. ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಮಲಗಿದವರು ಏಳಲಿಲ್ಲವಂತೆ. ನನಗೆ ಗೊತ್ತಾಗುವಾಗ ಎಲ್ಲ ಮುಗಿದಿತ್ತು. ಹದಿಮೂರನೇ ದಿನ ಕಳೆದ ಮೇಲೆ ಹೋದೆ. ಅವರ ಮಗ, ನನ್ನದೇ ವಯಸ್ಸಿನವನು, ಲಾರಿ ಆಫೀಸಿನಲ್ಲಿ ಕೆಲಸ, ಅಂಗಡಿ ಖಾಲಿ ಮಾಡುತ್ತಿದ್ದ. ನನ್ನನ್ನು ಕಂಡು, "ಬರ್ರಿ ಅಕ್ಕಾರ, ನಿಮ್ಮ ಸಾಮಾನು ಐತಿ" ಎಂದು ಗೋಣಿತಾಟು ಎತ್ತಿ ಪೆಟ್ಟಿಗೆಯೊಳಗಿಂದ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದ.

ಬಿಚ್ಚಿದೆ. ಹಸಿರು ಗಾಜಿನ ಇನ್ನೊಂದು ಕುತ್ತಿಗೆ. ಅಂಚು ತಿಕ್ಕಿ ನಯ ಮಾಡಿದ್ದು. ಒಳಗೆ ಮೇಣ ಸವರಿದ ಬೆಂಡಿನ ಗೋಲಿ, ನಮ್ಮ ಬಾಸಿಂಗದ್ದೇ, ಉಳಿದ ಚೂರಿನದ್ದು.

ಪೆಟ್ಟಿಗೆಯ ಕಡೆ ನೋಡಿದೆ. ಇಪ್ಪತ್ನಾಲ್ಕು ಗೂಡುಗಳೂ ಖಾಲಿ.

"ಬಾಟಲಿಗಳು?"

"ಆವಾಗಽ ಮುಗದ್ವಲ್ರೀ," ಎಂದ ಅವನು, ನನಗೆ ಗೊತ್ತಿದೆ ಎಂದೇ ತಿಳಿದು. "ಒಂದು ಕುತಗಿ ಸರಿ ಬರೂದ್ರಾಗ ಇಪ್ಪತ್ತು ಸೀಳಿದ್ವು. ದಾರಾ ಸುತ್ತೂದು, ಬೆಂಕಿ ಹಚ್ಚೂದು, ಫಟ್ ಅನ್ನೂದು, ಕಸಬರಗೀಲೆ ಬಳಿಯೂದು. ಅಪ್ಪಗ ಬಾಟ್ಲಿ ಒಡದ್ರ ಹೆಂಗಾಕ್ಕಿತ್ತು ನಿಮಗ ಗೊತ್ತೈತಲ್ಲ. ಕಣ್ಣಾಗ ನೀರು ತಕ್ಕೊಂಡಽ ಮಾಡತಿದ್ದ. ನೀವು ಸಿಟ್ಟಿಗೆದ್ದು ಬಂದ ದಿವಸ ನಾಕ ಉಳದಿದ್ವು ನೋಡ್ರಿ."

ಅದೇ ಬೆಂಚಿನ ಮೇಲೆ ಕುಳಿತೆ.

"ಆ ನಾಕರಾಗ ಮೊದಲನೇದು ಸರಿ ಬಂತು. ಸಾಕು ಅಪ್ಪಾ, ಮೂರು ಉಳದಾವು, ಇಟಗೋ ಅಂದೆ. ಕೇಳಲಿಲ್ಲ. ಗಾಜು ಐತಿ, ಒಂದ ದಿವಸ ಒಡೀತೈತಿ, ಆವಾಗ ನಾ ಇರಂಗಿಲ್ಲ, ತಂಗಿ ಏನ್ ಮಾಡಬೇಕು ಅಂದ. ಉಳದ ಮೂರೂ ಹಾಕಿ ಇದೊಂದು ತಗದ. ನೀವು ಕೇಳಿದ್ರ ಹೇಳಬ್ಯಾಡ ಅಂದಿದ್ದ, ಮನಸ್ಸಿಗೆ ಹಚ್ಚಿಕೋತಾಳ ಅಂತ. ಇನ್ನ ಹೇಳಿದ್ರ ಏನ್ ಅಂತ ಹೇಳಿದೆ."

ಅಂಗಡಿಯ ಬಾಗಿಲು ಹಾಕುವ ದಿನ ರಸ್ತೆಯಲ್ಲಿ ಕುರ್ಚಿ ಹಾಕಿ ಕುಳಿತು ಹಳೇ ಮಂದಿಗೆಲ್ಲ ಸೋಡಾ ಕುಡಿಸಬೇಕೆಂದಿದ್ದವರು. ಅವತ್ತು ಆ ಬಾಗಿಲು ಹಾಕಿದವರು ಅವರ ಮಗ ಮತ್ತು ನಾನು. ಕುಡಿಯಲು ಯಾರಿಗೂ ಏನೂ ಇರಲಿಲ್ಲ.

ಎರಡನೇ ಕುತ್ತಿಗೆ ಇನ್ನೂ ಅದೇ ಪೇಪರಿನಲ್ಲಿ, ದೇವರ ಕೋಣೆಯಲ್ಲಿ, ಹರಿದ ಬಾಸಿಂಗದ ಪಕ್ಕ ಇದೆ. ಬಿಚ್ಚುವ ಪ್ರಸಂಗ ಬಂದಿಲ್ಲ. ಪಂಪು ಒಮ್ಮೆ ಬದಲಾಯಿತು, ನಳಿಗೆಗಳು ಎರಡು ಸಲ ಬದಲಾದವು, ಕಾಳಿಯ ಮೊಮ್ಮಗಳು ಈಗ ಅಜ್ಜಿಯ ಹಾಗೇ ಒದೆಯುತ್ತಾಳೆ. ಭರಣಿ ಅದೇ, ಗೋಲಿ ಅದೇ. ದಿನಾ ಬೆಳಿಗ್ಗೆ ಹಾಲು ಕರೆದಾದ ಮೇಲೆ ಪಂಪು ನಿಲ್ಲಿಸಿ ಮುಚ್ಚಳ ಎತ್ತುತ್ತೇನೆ. ತಳದಲ್ಲಿ ನೀರು ನಿಂತಿರುತ್ತದೆ, ಮೊದಲ ದಿನ ಇದ್ದಷ್ಟೇ, ಒಂದು ಲೋಟ. ಅದನ್ನು ಚೆಲ್ಲುವಾಗ ಇನ್ನೊಂದು ಲೋಟ ಕಣ್ಣ ಮುಂದೆ ಬರುತ್ತದೆ. ಸ್ಟೀಲಿನದ್ದು. ಬಟ್ಟೆ ಸುತ್ತಿದ ಬೆರಳುಗಳು ಅದನ್ನು ನನ್ನ ಕಡೆಗೆ ಸರಿಸಿದ್ದವು.

ಆ ನೀರು ಕುಡಿದು ಬರಬೇಕಿತ್ತು.